ಆರು ಲಕೋಟೆಗಳ ಸೊನ್ನೆ

ಆ ಚಳಿಗಾಲ ಜಿಂಕೆಗಳು ಎಲ್ಲಿಗೆ ಹೋಗಿದ್ದವು ಎಂಬುದನ್ನು ಕಂಡುಹಿಡಿದವಳು ನಾನು. ಮೊಟ್ಟೆಯನ್ನೂ ಮುಟ್ಟದವಳು, ಬಂದೂಕನ್ನು ಹತ್ತಿರದಿಂದ ಕಂಡಿದ್ದೇ ಈ ಊರಿಗೆ ಬಂದ ಮೇಲೆ, ಜಪಾನೀ ಭಾಷೆಯನ್ನು ಇವತ್ತಿಗೂ ಅರ್ಧ ಕೈಸನ್ನೆಯಲ್ಲೇ ಆಡುವವಳು. ಈ ಸಂಗತಿಯನ್ನು ಸ್ವಲ್ಪ ವಿನಯದಿಂದ ಹೇಳಬೇಕೆಂದು ಪ್ರತಿಸಲವೂ ಅಂದುಕೊಳ್ಳುತ್ತೇನೆ. ಆಗುವುದಿಲ್ಲ.

ಗಂಡನಿಗೆ ಒಕಾಜಾಕಿಯಲ್ಲಿ ಸಂಶೋಧನೆಯ ಕೆಲಸ ಸಿಕ್ಕಿ ನಾವು ಬಂದಾಗ ಮಗಳಿಗೆ ಎರಡು ವರ್ಷ. ನನ್ನ ಸಸ್ಯಶಾಸ್ತ್ರದ ಎಂ.ಎಸ್ಸಿ. ಸರ್ಟಿಫಿಕೇಟು ಸೂಟ್‌ಕೇಸಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ಮಗಳು ಸ್ಕೂಲಿಗೆ ಸೇರಿದ ಮೇಲೆ, ಊರಾಚೆಯ ಬೆಟ್ಟದ ಬುಡದಲ್ಲಿರುವ ಸಮುದಾಯ ಭವನದಲ್ಲಿ ವಾರಕ್ಕೆ ಮೂರು ಬೆಳಗಿನ ಕೆಲಸ ಸಿಕ್ಕಿತು. ಬೇಟೆಗಾರರು ಬರೆದುಕೊಟ್ಟ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವುದು. ಅಂಕಿ ಓದಲು ಬಂದರೆ ಸಾಕು ಎಂದಿದ್ದರು, ಹಾಗಾಗಿ ನನಗೂ ಸಿಕ್ಕಿತು.

ಜಿಂಕೆಗಳು ಹೆಚ್ಚಿ ತರಕಾರಿ ಮಡಿಗಳನ್ನೂ ಎಳೆಯ ಸಸಿಗಳನ್ನೂ ಮೇದುಬಿಡುತ್ತವೆ. ಅದಕ್ಕೇ ಪರವಾನಗಿ ಇರುವವರು ಚಳಿಗಾಲದಲ್ಲಿ ಬೆಟ್ಟ ಹತ್ತುತ್ತಾರೆ. ನಮ್ಮ ಬೆಟ್ಟಕ್ಕೆ ಆರು ಜನ, ಎಲ್ಲರೂ ಎಪ್ಪತ್ತರ ಆಚೀಚೆಯವರು. ಮೊದಲು ನಾಯಿಗಳನ್ನು ಬಿಟ್ಟುಕೊಂಡು ಗುಂಪಾಗಿ ಹೋಗುತ್ತಿದ್ದರಂತೆ. ನಾಯಿಗಳಿಗೂ ವಯಸ್ಸಾದ ಮೇಲೆ ಒಬ್ಬೊಬ್ಬರೇ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕಾದು ಕೂರುತ್ತಿದ್ದರು. ಇಳಿದು ಬಂದ ಮೇಲೆ ಎಷ್ಟು ಹೊತ್ತು ಕಾದೆ, ಎಷ್ಟು ಜಿಂಕೆ ಕಂಡೆ ಎಂದು ಚೀಟಿಯಲ್ಲಿ ಬರೆದು ಭವನದ ಪೆಟ್ಟಿಗೆಗೆ ಹಾಕಬೇಕು. ಇವರು ಅದನ್ನು ಲಕೋಟೆಯಲ್ಲಿಟ್ಟು, ಅಂಟಿಸಿ ಹಾಕುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಒಬ್ಬರದು ಇನ್ನೊಬ್ಬರ ಕಣ್ಣಿಗೆ ಬಿದ್ದು, ಕಡಿಮೆ ಕಂಡವರಿಗೆ ಮುಜುಗರವಾದೀತು ಎಂದು ತಾವೇ ಮಾಡಿಕೊಂಡ ಪದ್ಧತಿ. ನಮ್ಮ ಕಡೆಯಾಗಿದ್ದರೆ ಬೆಟ್ಟ ಇಳಿಯುವ ಮೊದಲೇ ಫೋನು ಮಾಡಿ, ನಿಂಗೆಷ್ಟು ಕಂಡ್ವು ಎಂದು ಕೇಳಿರುತ್ತಿದ್ದರು.

ಆರು ಜನರ ಹಿರಿಯನನ್ನು ಎಲ್ಲರೂ ‘ತಾಯ್ಚೋ’ ಎನ್ನುತ್ತಿದ್ದರು, ಅಂದರೆ ದಳದ ನಾಯಕ. ಎಪ್ಪತ್ತೆಂಟು ವರ್ಷ, ಕಡ್ಡಿಯಂಥ ಮೈ, ದೊಡ್ಡ ಕಿವಿ. ನಾನು ಕೆಲಸಕ್ಕೆ ಸೇರಿದ ವಾರ ಹಳೆಯ ಪೇಪರಿನಲ್ಲಿ ಪರ್ಸಿಮನ್ ಹಣ್ಣು ಸುತ್ತಿಕೊಂಡು ಬಂದು, “ಒಕುಸಾನ್, ಇದನ್ನಂತೂ ತಿನ್ನಬಹುದಲ್ಲ?” ಎಂದು ಕೇಳಿದ್ದರು. ಒಕುಸಾನ್ ಎಂದರೆ ಅಮ್ಮಾವ್ರೇ ಎಂದ ಹಾಗೆ. ಈ ಊರಿನಲ್ಲಿ ನಾನು ಏನು ತಿನ್ನುತ್ತೇನೆ ಎಂದು ಯೋಚಿಸಿದ ಮೊದಲ ಮನುಷ್ಯ ಅವರು.

ಡಿಸೆಂಬರಿನ ಮೊದಲ ವಾರ, ಒಂದು ಬೆಳಿಗ್ಗೆ, ಅವರು ಬಂದು ನನ್ನ ಮೇಜಿನೆದುರು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು.

“ಒಕುಸಾನ್, ಬಂದೂಕನ್ನು ಪೊಲೀಸರಿಗೆ ಒಪ್ಪಿಸೋದಕ್ಕೆ ಯಾವ ಅರ್ಜಿ ಬೇಕು, ಸ್ವಲ್ಪ ಕಂಪ್ಯೂಟರಿನಲ್ಲಿ ನೋಡಿ ಹೇಳ್ತೀರಾ?”

“ಯಾರ ಬಂದೂಕು?”

“ನನ್ನದೇ. ಮೂರು ವಾರದಿಂದ ಒಂದು ಜಿಂಕೇನೂ ಕಂಡಿಲ್ಲ. ಅವು ಅಲ್ಲೇ ಓಡಾಡ್ತಿರ್ತವೆ. ನನ್ನ ಕಣ್ಣು ಹೋಗಿದೆ.”

“ಕಣ್ಣಿನ ಡಾಕ್ಟರು ಏನಂದ್ರು?”

“ಚೆನ್ನಾಗಿದೆ ಅಂದ್ರು. ಡಾಕ್ಟರು ಗೋಡೆ ಮೇಲಿನ ಗುರುತು ತೋರಿಸ್ತಾರೆ. ಜಿಂಕೆ ತೋರಿಸಲ್ಲವಲ್ಲ.”

ಬರುವ ಸೋಮವಾರ ಒಪ್ಪಿಸಿಬಿಡುವುದೆಂದು ತೀರ್ಮಾನಿಸಿದ್ದರು. ಉಳಿದ ಐವರಿಗೆ ಹೇಳಿರಲಿಲ್ಲ. ಹೇಳಿದರೆ ಅವರು ಬೇಡ ಬೇಡ ಎನ್ನಬೇಕಾಗುತ್ತದೆ, ಪಾಪ, ಅವರಿಗೇಕೆ ಆ ತೊಂದರೆ ಎಂದರು. ಇಪ್ಪತ್ತನೇ ವಯಸ್ಸಿನಿಂದ ಹತ್ತಿದ ಬೆಟ್ಟ. ಇನ್ನು ಮುಂದೆ ಮನೆಯಲ್ಲಿ ಕೂತು ಟೀವಿ ನೋಡುತ್ತೇನೆ ಎಂದು ನಕ್ಕರು. ನಾನು ಮೇಜಿನ ಮೇಲಿದ್ದ ಚೀಟಿಗಳನ್ನು ಮೆಲ್ಲಗೆ ಮಗುಚಿ ಹಾಕಿದೆ.

ಏಕೆಂದರೆ ಅವರು ಬರುವ ಮೊದಲಷ್ಟೇ ನಾನು ಆರೂ ಲಕೋಟೆ ಒಡೆದಿದ್ದೆ. ಆರರಲ್ಲೂ ಸೊನ್ನೆ. ಹಿಂದಿನ ವಾರವೂ ಸೊನ್ನೆ, ಅದರ ಹಿಂದಿನ ವಾರವೂ ಸೊನ್ನೆ. ಆರು ಜನ ಮುದುಕರು ತಮಗೊಬ್ಬರಿಗೇ ಕಾಣುತ್ತಿಲ್ಲ ಎಂದುಕೊಂಡು, ಒಬ್ಬರನ್ನೊಬ್ಬರು ಕೇಳದೆ, ಅಚ್ಚುಕಟ್ಟಾಗಿ ಅಂಟು ಹಚ್ಚುತ್ತಾ ಬಂದಿದ್ದರು! ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಎಲ್ಲರಿಗೂ ಕಂಡಿಲ್ಲ ಎಂದರೆ ಜಿಂಕೆಗಳೇ ಮುಗಿದುಹೋದವು, ಹಾಗಾದರೆ ಬಂದೂಕು ಇನ್ನೇಕೆ ಎಂದುಬಿಡುತ್ತಿದ್ದರು. ಅರ್ಜಿಯ ಪುಟ ತೆರೆಯುತ್ತಿಲ್ಲ, ನಾಳಿದ್ದು ನೋಡೋಣ ಎಂದು ಸುಳ್ಳು ಹೇಳಿ ಕಳಿಸಿದೆ.

ಸಂಜೆ ಗಂಡನಿಗೆ ಹೇಳಿದೆ. “ಏನ್ರೀ, ಆರು ಜನದ ಕಣ್ಣೂ ಒಟ್ಟಿಗೆ ಹೋಗುತ್ತಾ?”

“ಜಿಂಕೇನೇ ಕಮ್ಮಿ ಆಗಿರ್ಬೇಕು ಕಣೆ. ಡೇಟಾ ಎಂಟ್ರಿ ಮಾಡು ಅಂದ್ರೆ ನೀನು ಥೀಸಿಸ್ ಬರೆಯೋಕೆ ಹೊರಟಿದ್ದೀಯ. ಲೀವ್ ಇಟ್.”

ಲೀವ್ ಇಟ್ ಎಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಉತ್ತರ ಕೊಡಬೇಕು ಎನ್ನುವಷ್ಟರಲ್ಲಿ ವಾಷಿಂಗ್ ಮಷೀನು ಟಕಟಕ ಎಂದು ಬಡಿದುಕೊಳ್ಳತೊಡಗಿತು. ನಿಲ್ಲಿಸಿ, ಮಗಳ ಕೋಟು ಎಳೆದೆ. ಎರಡೂ ಜೇಬಿನ ತುಂಬ ದೊಂಗುರಿ, ಅಂದರೆ ಓಕ್ ಮರದ ಕಾಯಿ. ಇಲ್ಲಿನ ಮಕ್ಕಳಿಗೆ ಅದನ್ನು ಆರಿಸುವುದೆಂದರೆ ಹಬ್ಬ.

“ಅಮ್ಮಾ, ನೋ! ಮೈ ದೊಂಗುರಿ!” ಎಂದು ಮಗಳು ಓಡಿಬಂದಳು. “ಈ ಇಯರ್ ಇಪ್ಪಾಯ್ ಇದೆ. ಲಾಸ್ಟ್ ಇಯರ್ ನಥಿಂಗ್!”

ಈ ವರ್ಷ ರಾಶಿ, ಹೋದ ವರ್ಷ ಏನೂ ಇಲ್ಲ. ಸೀರೆಗಳ ಕೆಳಗೆ ಮಲಗಿದ್ದ ಎಂ.ಎಸ್ಸಿ. ಎದ್ದು ಕೂತಿತು. ಓಕ್ ಮರಗಳ ಗುಣವೇ ಅದು. ಕೆಲವು ವರ್ಷ ಇಡೀ ಕಾಡು ಮಾತಾಡಿಕೊಂಡಂತೆ ಒಟ್ಟಿಗೆ ಕಾಯಿ ಸುರಿಸುತ್ತದೆ, ಕೆಲವು ವರ್ಷ ಕೈ ಎತ್ತಿಬಿಡುತ್ತದೆ. ಪರೀಕ್ಷೆಗೆ ಉರು ಹೊಡೆದು ಬರೆದಿದ್ದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಗಿತ್ತು ನನ್ನ ಕಥೆ.

ಮರುದಿನ ನನ್ನ ಪಾಳಿ ಇರಲಿಲ್ಲ, ಆದರೂ ಭವನಕ್ಕೆ ಓಡಿದೆ. ಅಲ್ಲಿನ ಪಡಸಾಲೆಯಲ್ಲಿ ಪ್ರತಿ ಶರತ್ಕಾಲದ ಮಕ್ಕಳ ಕರಕುಶಲ ಪ್ರದರ್ಶನದ ಫೋಟೋ ತೂಗುಹಾಕಿದ್ದಾರೆ. ಕೆಲವು ವರ್ಷ ಮಕ್ಕಳ ಕೊರಳಲ್ಲಿ ದೊಂಗುರಿಯ ಹಾರ, ಕೈಯಲ್ಲಿ ದೊಂಗುರಿಯ ಬುಗುರಿ. ಕೆಲವು ವರ್ಷ ಬರೀ ಬಣ್ಣದ ಕಾಗದದ ಹೂವು. ಹಳೆಯ ಚೀಟಿಗಳ ಕಡತಗಳನ್ನು ಹೊತ್ತು ತಂದು ಒಂದೊಂದೇ ಫೋಟೋದ ಕೆಳಗೆ ನೆಲದ ಮೇಲೆ ಹರಡಿಕೊಂಡೆ. ಕಾಗದದ ಹೂವಿನ ವರ್ಷಗಳಲ್ಲಿ ಬೇಟೆಗಾರರಿಗೆ ಜಿಂಕೆಯೋ ಜಿಂಕೆ. ಹಾರದ ವರ್ಷಗಳಲ್ಲಿ ಬೆರಳೆಣಿಕೆಯಷ್ಟು. ಅದರ ಮುಂದಿನ ವರ್ಷ ಮತ್ತೆ ಮೊದಲಿನಷ್ಟೇ ಜಿಂಕೆ. ಸತ್ತುಹೋಗಿದ್ದರೆ ಮರುವರ್ಷ ಎಲ್ಲಿಂದ ಬರುತ್ತಿದ್ದವು? ನೆಲದ ಮೇಲೆ ಕೂತವಳು ಚಪ್ಪಾಳೆ ತಟ್ಟಿಬಿಟ್ಟೆ. ಗುಡಿಸುತ್ತಿದ್ದ ಹೆಂಗಸು ಗಾಬರಿಯಾಗಿ ಸುಮಿಮಾಸೆನ್ ಎಂದು ಕ್ಷಮೆ ಕೇಳಿದಳು, ಯಾಕೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ಶನಿವಾರ ಆರೂ ಜನ ಭವನದಲ್ಲಿ ಚಹಾಕ್ಕೆ ಸೇರುವ ದಿನ. ತಾಯ್ಚೋಗೆ ಉಳಿದಿದ್ದು ಎರಡೇ ದಿನ. ನಾನು ಎದ್ದು ನಿಂತು, “ಸುಮಿಮಾಸೆನ್, ಹೆಸರು ಹೇಳಲ್ಲ, ಅಂಕಿ ಮಾತ್ರ ಓದ್ತೀನಿ” ಎಂದೆ. ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ.

ಆಮೇಲೆ ಒಬ್ಬರು ಲೋಟ ಕೆಳಗಿಟ್ಟು ಪಕ್ಕದವರತ್ತ ತಿರುಗಿದರು. “ನಿಮಗೂನಾ?”

“ನಾನು ಕನ್ನಡಕ ಬದಲಾಯಿಸಿದೆ” ಎಂದರು ಅವರು.

“ನಾನು ಒಂದು ತಿಂಗಳಿಂದ ಕ್ಯಾರೆಟ್ ಜ್ಯೂಸು ಕುಡೀತಿದ್ದೀನಿ” ಎಂದರು ಮೂರನೆಯವರು.

ನಕ್ಕಿದ್ದೂ ನಕ್ಕಿದ್ದೇ. ತಾಯ್ಚೋ ಮಾತ್ರ ನಗಲಿಲ್ಲ. “ಹಾಗಾದರೆ ಜಿಂಕೆಗಳೇ ಇಲ್ಲ” ಎಂದರು.

“ಇವೆ. ಮನೆಯಲ್ಲೇ ಮದುವೆ ಊಟ ಬಡಿಸಿದ್ರೆ ಬೀದಿ ತಿಂಡಿಗೆ ಯಾರು ಬರ್ತಾರೆ? ನೀವು ಕೂರೋದು ಕೆಳಗೆ ಹೊಲದ ಅಂಚಲ್ಲಿ. ಊಟ ನಡೀತಿರೋದು ಮೇಲೆ, ಓಕ್ ಮರಗಳ ಕೆಳಗೆ.”

“ಅದು ನಮ್ಮಪ್ಪ ಕೂರ್ತಿದ್ದ ಜಾಗ.”

“ಅದು ಜಿಂಕೆಗೆ ಗೊತ್ತಿಲ್ಲವಲ್ಲ!”

ಬಾಯಿಂದ ಜಾರಿಹೋಯಿತು. ಗಂಡ ಅಲ್ಲಿದ್ದಿದ್ದರೆ ಕುರ್ಚಿಯ ಕೆಳಗೆ ಅಡಗುತ್ತಿದ್ದ. ತಾಯ್ಚೋ ಟೋಪಿ ಎತ್ತಿಕೊಂಡು, “ನಾಳೆ ಬೆಳಿಗ್ಗೆ ಹೋಗಿ ನೋಡೋಣ” ಎಂದರು. ಬಂದೂಕು ತರಬಾರದು, ನೋಡುವುದಷ್ಟೇ, ಇಲ್ಲದಿದ್ದರೆ ನಾನು ಬರುವುದಿಲ್ಲ ಎಂದೆ. ಅದಕ್ಕೂ ತಲೆಯಾಡಿಸಿದರು.

ಭಾನುವಾರ ಕಿತ್ತಳೆ ಬಣ್ಣದ ಕೋಟು ತೊಟ್ಟು, ಚಿತ್ರಾನ್ನದ ಒನಿಗಿರಿ, ಅಂದರೆ ಅನ್ನದುಂಡೆ, ಕಟ್ಟಿಕೊಂಡು ಆರೂ ಜನರ ಹಿಂದೆ ಏರಿದೆ. ಮೇಲೆ ಹೋದಂತೆ ಕಾಲಡಿ ಕಾಯಿಗಳು ಗೋಲಿಯಂತೆ ಉರುಳುತ್ತಿದ್ದವು, ಎರಡು ಸಲ ಜಾರಿ ಬಿದ್ದೆ. ಎರಡನೆಯ ಸಲ ಬಿದ್ದಲ್ಲಿ ಅಂಗೈ ಪಕ್ಕದಲ್ಲೇ ಹೊಸ ಹಿಕ್ಕೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬಿದ್ದಿಲ್ಲ. ಏಳೂ ಜನ ಒಂದು ಬಂಡೆಯ ಹಿಂದೆ ಕೂತೆವು. ಅರ್ಧ ಗಂಟೆ, ಒಂದು ಗಂಟೆ. ನನಗೆ ಮರದ ಬೊಡ್ಡೆಗಳು ಬಿಟ್ಟರೆ ಏನೂ ಕಾಣಲಿಲ್ಲ. ನನ್ನ ಲೆಕ್ಕ ತಪ್ಪಿದ್ದರೆ ನಾಳೆ ಈ ಮನುಷ್ಯ ಬಂದೂಕು ಒಪ್ಪಿಸುತ್ತಾನೆ, ಅದೂ ನನ್ನಿಂದ ಎಲ್ಲರೆದುರು ನಾಚಿಕೆಪಟ್ಟ ಮೇಲೆ.

ಆಗ ತಾಯ್ಚೋ ಒಂದು ಬೆರಳೆತ್ತಿದರು. ಉಳಿದ ಐವರು ಕಣ್ಣು ಕಿರಿದು ಮಾಡಿದರು, ಯಾರಿಗೂ ಸಿಗಲಿಲ್ಲ. ಅವರು ಎರಡನೆಯ ಬೆರಳೆತ್ತಿದರು. ಮೂರು. ನಾಲ್ಕು. ನಾನು ಬೊಡ್ಡೆ ಎಂದುಕೊಂಡಿದ್ದೊಂದು ಕಿವಿ ಅಲ್ಲಾಡಿಸಿತು. ಕೈಯೆರಡೂ ಸಾಲದೆ ಹೋದಾಗ ನನ್ನ ಕೈ ಹಿಡಿದು ನನ್ನ ಹೆಬ್ಬೆರಳನ್ನೂ ಎತ್ತಿದರು. ಹನ್ನೊಂದು! ಅವು ತಲೆ ತಗ್ಗಿಸಿ ದೊಂಗುರಿ ಕಡಿಯುವ ಸದ್ದು ಈಗ ಕೇಳಿಸುತ್ತಿತ್ತು. ಅವರ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ.

“ಹೇಳಿದ್ನಲ್ಲ ನಾನು!” ಎಂದು ಕೂಗಿಬಿಟ್ಟೆ, ಅಚ್ಚ ಕನ್ನಡದಲ್ಲಿ. ಹನ್ನೊಂದು ಬಿಳಿ ಹಿಂಭಾಗಗಳು ಚಿಮ್ಮಿ ಓಡಿದವು. ಯಾರೂ ಬೈಯಲಿಲ್ಲ. ಚಿತ್ರಾನ್ನ ಒಂದು ಅಗುಳೂ ಉಳಿಯಲಿಲ್ಲ. ಮನೆಗೆ ಬಂದು ಹೇಳಿದಾಗ ಗಂಡ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದ. ಅವನ ಮಟ್ಟಿಗೆ ಅದು ತಪ್ಪೊಪ್ಪಿಗೆ.

ಸೋಮವಾರ ತಾಯ್ಚೋ ಪೊಲೀಸ್ ಠಾಣೆಗೆ ಹೋಗುವ ಬದಲು ಭವನಕ್ಕೆ ಬಂದರು. ಚೀಟಿಗೆ ಲಕೋಟೆ ಇರಲಿಲ್ಲ. ಎಲ್ಲರೂ ನೋಡುವಂತೆ ನನ್ನ ಮೇಜಿನ ಮೇಲಿಟ್ಟು, ನಾನು ಓದುವವರೆಗೂ ನಿಂತೇ ಇದ್ದರು. ಜಿಂಕೆ: ಹನ್ನೊಂದು. ಅದರ ಕೆಳಗೆ, ಷರಾ ಬರೆಯುವ ಜಾಗದಲ್ಲಿ, ನನಗೂ ಓದಲು ಬರುವಂಥ, ಮಕ್ಕಳು ಮೊದಲು ಕಲಿಯುವ ಸುಲಭದ ಅಕ್ಷರದಲ್ಲಿ, ಕಾಗದ ತೂತಾಗುವಷ್ಟು ಒತ್ತಿ ಬರೆದಿದ್ದರು: ‘ಕಣ್ಣು: ಎರಡು. ಎರಡೂ ಸರಿಯಾಗಿವೆ.’