ಗಾಜಿನ ಮೇಲೆ ಕಂಡ ಹನಿ

ಸನ್ಮಾನ ಅಂದರೆ ನನಗೆ ಮೈ ಉರಿಯುತ್ತದೆ. ಆದರೂ ಕಳೆದ ತಿಂಗಳು ಕಡೂರಿನ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಸನ್ಮಾನಕ್ಕೆ ತರೀಕೆರೆಯಿಂದ ನಾನಾಗಿಯೇ ಬಸ್ಸು ಹತ್ತಿ ಹೋದೆ. ಶಾಲು ಹೊದಿಸಿಕೊಳ್ಳುವವರು ನನ್ನ ಹಳೆಯ ಸಾಹೇಬರು, ಹಿರೇನಲ್ಲೂರು ಕಡೆಯವರು. ಪೂರ್ವ ಕರಾವಳಿಯ ಗ್ಯಾಸ್ ಬಾವಿಗಳಲ್ಲಿ ದುಡಿದು ನಿವೃತ್ತರಾಗಿದ್ದರು. ಅಲ್ಲಿನ ಲ್ಯಾಬಿನಲ್ಲಿ ಆರು ವರ್ಷ ನಾನು ಅವರ ಕೈಕೆಳಗಿದ್ದೆ.

ನಮ್ಮ ಮನೆಮಾತು ದಖನಿ ಉರ್ದು. ಆದರೆ ಆ ಪರಸ್ಥಳದಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ಕರಗಿಹೋಗುತ್ತಿದ್ದೆ. ಅದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ರಜೆ ಬೇಕೆಂದರೆ, ಜ್ವರ ಬಂದರೆ, "ನಮ್ಮ ತರೀಕೆರೆ ಹುಡುಗಿ" ಎಂದು ಮುಂದೆ ನಿಲ್ಲುತ್ತಿದ್ದರು. ಆ ಉಪಕಾರವನ್ನು ಇಲ್ಲವೆನ್ನಲಾರೆ.

ಒಮ್ಮೆ ಹೊಸ ಬಾವಿಯ ಗ್ಯಾಸನ್ನು ಉಕ್ಕಿನ ಸಿಲಿಂಡರಿನಲ್ಲಿ ಲ್ಯಾಬಿಗೆ ತಂದರು. ಅದನ್ನು ಗಾಜಿನ ಕಿಟಕಿಯಿರುವ ಪಾತ್ರೆಗೆ ಬಿಟ್ಟು, ನೆಲದಡಿಯಷ್ಟೇ ಬಿಸಿಯಲ್ಲಿಟ್ಟು, ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದು ನನ್ನ ಕೆಲಸ. ಒಂದು ಹಂತದವರೆಗೆ ಏನೂ ಕಾಣುವುದಿಲ್ಲ. ಅದಕ್ಕಿಂತ ಇಳಿಸಿದರೆ ಒಳಗೆ ಮಬ್ಬು ಕವಿದು ಗಾಜಿಗೆ ಎಣ್ಣೆಯಂಥ ಹನಿ ಹತ್ತುತ್ತದೆ. ಭೂಮಿಯೊಳಗೂ ಇದೇ ಕಥೆ. ಬಾವಿಯನ್ನು ದುರಾಸೆಯಿಂದ ಪೂರ್ತಿ ತೆರೆದರೆ ಅದರ ಬುಡದಲ್ಲಿ ಒತ್ತಡ ಕುಸಿಯುತ್ತದೆ, ಸುತ್ತಲಿನ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಆ ದ್ರವ ಕಟ್ಟಿಕೊಳ್ಳುತ್ತದೆ. ಆ ದ್ರವದ ಹಿಂದೆ ಬೇಕಾದಷ್ಟು ಗ್ಯಾಸ್ ಇದ್ದರೂ ಬರಲು ದಾರಿ ಇರುವುದಿಲ್ಲ.

ಸಾಹೇಬರಿಗೆ ಆ ವರ್ಷ ಬಡ್ತಿ ಬೇಕಿತ್ತು. ಬಾವಿಯನ್ನು ಪೂರ್ತಿ ತೆರೆಯೋಣವೆಂದು ಮೀಟಿಂಗಿನಲ್ಲಿ ಹೇಳಿದರು. ನಾನು ವರದಿ ಹಿಡಿದು ಎದ್ದು ನಿಂತೆ. ಅವರು ನಗುತ್ತಲೇ, ಅಲ್ಲಿ ಬೇರೆ ಯಾರಿಗೂ ತಿಳಿಯದ ನಮ್ಮ ಕನ್ನಡದಲ್ಲಿ ಅಂದರು: "ಕೂತ್ಕೊಳಮ್ಮ. ಇಷ್ಟು ಜನದ ಮುಂದೆ ನಮ್ಮೂರೋರ ಮಾನ ಕಳೀಬೇಡ ಕಣಮ್ಮ."

ಕುಳಿತುಬಿಟ್ಟೆ. ಈಗಲೂ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕೆಲವು ತಿಂಗಳು ಬಾವಿ ಭರ್ಜರಿಯಾಗಿ ಹರಿಯಿತು. ಬಡ್ತಿಯೂ ಬಂತು. ಆಮೇಲೆ ಹರಿವು ದಿನೇ ದಿನೇ ಇಳಿಯಿತು, ಕೊನೆಗೆ ಬಾವಿಯನ್ನೇ ಮುಚ್ಚಿದರು. ನಿಕ್ಷೇಪ ಮುಗಿದಿದೆ ಎಂದು ಕಡತದಲ್ಲಿ ಬರೆದರು. ಅದರ ಕೆಳಗೆ ನನ್ನ ಸಹಿಯೂ ಇದೆ.

ಕಡೂರಿಗೆ ಹೋದದ್ದೇ ಇದನ್ನು ಹೇಳಿಬರಲು. ವೇದಿಕೆಯ ಮೇಲೆ ಧೈರ್ಯ ಬರದಿದ್ದರೆ ಒಬ್ಬರಿಗಾದರೂ ಸರಿ, ನಿಜ ಹೇಳಿಯೇ ಏಳಬೇಕೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡಿದ್ದೆ. ಸಾಹೇಬರು ಭಾಷಣದಲ್ಲಿ ಆ ಬಾವಿಯ ಸುದ್ದಿಯನ್ನೂ ತೆಗೆದರು. ಭೂಮಿತಾಯಿ ಕೊಟ್ಟಷ್ಟೇ ನಮಗೆ ಎಂದು ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು. ನಾನು ಏಳಲಿಲ್ಲ.

ಊಟಕ್ಕೆ ಕೂತಾಗ ನನ್ನ ಶಾಲೆಯ ಗೆಳತಿ ಪಕ್ಕಕ್ಕೆ ಬಂದಳು. ಈಗ ಅಜ್ಜಂಪುರದಲ್ಲಿ ರಸಾಯನಶಾಸ್ತ್ರದ ಲೆಕ್ಚರರ್.

"ಲೇ, ಬಾವಿ ಬರಿದಾಯ್ತು ಅಂದ್ರಲ್ಲ, ನಂಗ್ಯಾಕೋ ಅನುಮಾನ ಕಣೇ. ಒತ್ತಡ ಇಳ್ದು ಬುಡದಲ್ಲೇ ದ್ರವ ಕಟ್ಕೊಂಡಿರ್ಬೇಕು. ನಮ್ಮ ಹುಡುಗ್ರಿಗೆ ಅಂಥ ಬಾವಿಗಳ ಪಾಠ ಹಂಗೇ ಮಾಡಿದೀನಿ. ನೀನು ಕಣ್ಣಾರೆ ಕಂಡೋಳು, ಹೌದೋ ಅಲ್ವೋ ಹೇಳು."

ಹೌದು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಸಾಹೇಬರು ಶಾಲು ಸಮೇತ ನಮ್ಮ ಎಲೆಯ ಮುಂದೆ ಬಂದು ನಿಂತರು. "ನಮ್ಮ ತರೀಕೆರೆ ಹುಡುಗಿಗೆ ಇನ್ನೊಂದು ಹೋಳಿಗೆ ಹಾಕ್ರಪ್ಪ!" ಎಂದು ಬಡಿಸುವವರನ್ನು ಕೂಗಿದರು.

"ಇಲ್ಲ ಕಣೇ," ಅಂದೆ ಗೆಳತಿಗೆ. "ಗ್ಯಾಸೇ ಮುಗ್ದೋಗಿತ್ತು."

ಅವಳ ಮುಖ ಸಣ್ಣದಾಯಿತು. "ಹೌದಾ? ಪುಣ್ಯಕ್ಕೆ ನಿನ್ನ ಕೇಳ್ದೆ ನೋಡು. ಸೋಮವಾರ ಕ್ಲಾಸಲ್ಲಿ ತಿದ್ದಿ ಹೇಳ್ತೀನಿ," ಎಂದಳು.