ಕಾವಿನ ಬುಟ್ಟಿಯ ಉಣ್ಣೆ

ನಮ್ಮ ಮೆಟ್ಟಿಲ ಕೆಳಗೆ ಮಲಗುವ ಬೀದಿನಾಯಿಯ ಕಿವಿಯಿಂದ ಮೊನ್ನೆ ಬೆಳಗ್ಗೆ ಉಣ್ಣೆ ಕೀಳುತ್ತಾ ಕೂತಿದ್ದೆ. ಕಿತ್ತದ್ದನ್ನು ಸೀಮೆಎಣ್ಣೆಗೆ ಹಾಕುವುದು, ಮತ್ತೊಂದನ್ನು ಹುಡುಕುವುದು. ಅಕ್ಕಿಯಲ್ಲಿ ಕಲ್ಲು ಆರಿಸುವಾಗಲೂ ನನ್ನ ಮುಖ ಹೀಗೇ ಇರುತ್ತದೆಂದು ಮನೆಯವರು ಗೇಲಿ ಮಾಡುತ್ತಾರೆ. ಇರಲಿ, ತಾಳ್ಮೆ ಒಂದು ನನಗೆ ದಂಡಿಯಾಗಿದೆ. ಆದರೆ ಮೊನ್ನೆ ಒಂದು ಉಣ್ಣೆ ಬೆರಳಲ್ಲೇ ಒಡೆದು ಅದರ ಕಮಟು ವಾಸನೆ ಮೂಗಿಗೆ ಹೊಡೆದದ್ದೇ ತಡ, ತಾಳ್ಮೆಯೆಲ್ಲ ಹಾರಿಹೋಗಿ ಹಳೆಯ ಸಿಟ್ಟು ಮೇಲೆದ್ದು ಬಂತು. ನಿಮಗೂ ಹೀಗಾಗುವುದುಂಟೇ? ಬೇರೆಯವರೆಲ್ಲ ಮರೆತುಬಿಟ್ಟಿರುವ ಸಂಗತಿಗೆ ನೀವೊಬ್ಬರೇ ಇನ್ನೂ ಕುದಿಯುತ್ತಿರುವುದು?

ಆಗ ತಮಿಳುನಾಡಿನ ಕೃಷ್ಣಗಿರಿ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಕರ್ನಾಟಕದ ಕಡೆಯಿಂದ ಹೊಸೂರಿನ ಫ್ಯಾಕ್ಟರಿಗಳಿಗೆ ಬಂದ ನಾವು ಕೆಲವು ಸಂಸಾರ ಬಾಗಲೂರಿನ ಒಂದು ಸಾಲುಮನೆಯಲ್ಲಿದ್ದೆವು. ಗಂಡಸರು ಶಿಫ್ಟಿಗೆ ಹೊರಟರೆ ಹಿತ್ತಲು ನಮ್ಮದು, ನಮ್ಮ ಕೋಳಿಗಳದು. ಅದರಲ್ಲೂ ಪಕ್ಕದ ಮನೆಯ ಗೌರಮ್ಮನ ಕೋಳಿಗಳೆಂದರೆ ಸಾಲಿಗೇ ಹೆಸರು. ಕೋಲಾರದ ಕಡೆಯ ಹೆಂಗಸು. ನಮ್ಮ ಜೊತೆ ಮಾತು ಕಡಿಮೆ, ಕೋಳಿಗಳ ಜೊತೆ ದಿನವಿಡೀ ಮಾತು. "ಲೇ ಸೋಂಬೇರಿ" ಎಂದು ಕೂಗಿದರೆ ಅಷ್ಟು ಕೋಳಿಗಳಲ್ಲಿ ಒಂದು ಹೇಂಟೆ ಮಾತ್ರ ತಿರುಗಿ ನೋಡುತ್ತಿತ್ತು. ಸುಳ್ಳಲ್ಲ, ನಾನೇ ಕೂಗಿ ನೋಡಿದ್ದೇನೆ. ನನಗೆ ತಿರುಗಲಿಲ್ಲ.

ಸಾಲಿನಲ್ಲಿ ಒಂದು ಬಿದಿರಿನ ಬುಟ್ಟಿ ಇತ್ತು, ಯಾರದೆಂದು ಯಾರಿಗೂ ಗೊತ್ತಿಲ್ಲ. ಅದರಲ್ಲಿ ಕಾವಿಗೆ ಕೂರಿಸಿದರೆ ಒಂದು ಮೊಟ್ಟೆಯೂ ಕೆಡುವುದಿಲ್ಲವೆಂದು ನಂಬಿಕೆ. ಯಾರ ಮನೆಯ ಹೇಂಟೆ ಕಾವಿಗೆ ಬಂದರೂ ಬುಟ್ಟಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಒಳಗಿನ ಹಳೇ ಗೋಣಿಯ ಸಮೇತ ಆ ಮನೆಗೆ ಹೋಗುತ್ತಿತ್ತು. ಅದನ್ನು ತೊಳೆಯುವಂತಿಲ್ಲ, ಬಿಸಿಲಿಗೆ ಇಡುವಂತಿಲ್ಲ, ಕೈಗುಣ ಹೋಗಿಬಿಡುತ್ತದಂತೆ. ಒಂದು ಲೋಟವನ್ನು ಎರಡೆರಡು ಸಲ ತೊಳೆಯುವ ನಾನೂ ಅದಕ್ಕೆ ಒಂದು ತೊಟ್ಟು ನೀರು ಸೋಕಿಸಿದವಳಲ್ಲ.

ಆ ದಿನಗಳಲ್ಲಿ ಟೀವಿಯ ತುಂಬ ಹಕ್ಕಿಜ್ವರದ ಸುದ್ದಿ. ಎಲ್ಲೋ ದೂರದ ಊರಿನಲ್ಲಿ ಮೈತುಂಬ ಬಿಳಿ ತೊಟ್ಟವರು ಕೋಳಿಗಳನ್ನು ಗುಂಡಿಗೆ ಸುರಿಯುವುದನ್ನು ನೋಡುತ್ತಾ ನಾವು ಊಟ ಮಾಡುತ್ತಿದ್ದೆವು. ಅದೇ ಹೊತ್ತಿಗೆ ಗೌರಮ್ಮನ ಎರಡು ಹೇಂಟೆ ಮಂಕಾದವು. ರೆಕ್ಕೆ ಜೋತುಬಿತ್ತು, ಜುಟ್ಟು ಬಿಳಿಚಿಕೊಂಡಿತು, ಹಸಿರು ಭೇದಿ ಶುರುವಾಯಿತು. ಒಂದು ಸತ್ತೂ ಹೋಯಿತು.

ಕೊನೇಮನೆಯ ಕೃಷ್ಣಪ್ಪನವರು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಅಲ್ಲಿ ಆಳಿದ್ದು ಸಾಲದೆಂದು ಮನೆಗೆ ಬಂದು ನಮ್ಮ ಹಿತ್ತಲನ್ನೂ ಆಳುತ್ತಿದ್ದರು. ಸಂಜೆ ಮೂಗಿಗೆ ಫ್ಯಾಕ್ಟರಿಯ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು, ಗುದ್ದಲಿ ಹಿಡಿದ ಇಬ್ಬರನ್ನು ಹಿಂದೆ ಕಟ್ಟಿಕೊಂಡು ಬಂದರು. ಕಾಯಿಲೆಯದ್ದು ಮಾತ್ರವಲ್ಲ, ಗೌರಮ್ಮನ ಅಷ್ಟೂ ಕೋಳಿಗಳನ್ನು ಈಗಲೇ ಹೂಳಬೇಕೆಂದರು.

ಗೌರಮ್ಮ ರಂಪ ಮಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು: "ಅಣ್ಣ, ಒಂದು ದಿನ ಕೊಡಿ. ಬೆಳಗ್ಗೆ ಮೊದಲ್ನೇ ಬಸ್ಸಿಗೇ ಹೊಸೂರಿಗೆ ಹೋಗಿ ದನದಾಸ್ಪತ್ರೇಲಿ ತೋರ್ಸ್ಕೊಂಡು ಬತ್ತೀನಿ."

"ಅಷ್ಟೊತ್ಗೆ ನಮ್ಮ ಮಕ್ಕಳು ಮಲಗಿಬುಟ್ರೆ ಅವ್ರನ್ನೂ ಅಲ್ಲಿಗೇ ಕರ್ಕೊಂಡು ಹೋಗ್ತೀಯೇನಮ್ಮ?"

ಗುದ್ದಲಿಯವರು ನಕ್ಕರು. ಬಾಗಿಲುಗಳಲ್ಲಿ ನಿಂತಿದ್ದವರು ಮಕ್ಕಳ ಹೆಸರು ಕೇಳಿದ್ದೇ ಒಳಗೆ ಸರಿದರು. ಅಟ್ಟಾಡಿಸಿಕೊಂಡು ಓಡುವಷ್ಟು ಗಟ್ಟಿಯಾಗಿದ್ದ ಕೋಳಿಗಳನ್ನೂ ಹಿಡಿದು, ಕತ್ತು ಮುರಿದು, ಸುಣ್ಣ ಸುರಿದು ಹೂತರು. ಸೋಂಬೇರಿ ಓಡಲಿಲ್ಲ. ಗೌರಮ್ಮನ ಕಾಲ ಹತ್ತಿರವೇ ನಿಂತಿತ್ತು, ಸಲೀಸಾಗಿ ಸಿಕ್ಕಿತು. ಮುಂದಿನ ಭಾನುವಾರ ಕೃಷ್ಣಪ್ಪನವರ ಮನೆಯಿಂದ ಕೋಳಿಸಾರಿನ ಘಮಲು. ಅದು ಅಂಗಡಿ ಕೋಳಿಯಂತೆ. ಅದಕ್ಕೆ ಜ್ವರ ಬರುವುದಿಲ್ಲವಂತೆ.

ಕೋಳಿಗಳನ್ನು ಹೂತ ಆ ಮಹಾಶಯರು ಆಗ ಗೌರಮ್ಮನ ಮನೆಯಲ್ಲೇ ಇದ್ದ ಬುಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ಅದು ಲಕ್ಷ್ಮಿಯಲ್ಲವೇ! ಅದೇ ವಾರ ನನ್ನ ಹೇಂಟೆ ಕಾವಿಗೆ ಬಂತು, ಬುಟ್ಟಿ ನಮ್ಮ ಮನೆಗೆ ಬಂತು. ಕೆಲವೇ ದಿನಕ್ಕೆ ನನ್ನ ಹೇಂಟೆಗೂ ಅದೇ ಮಂಕು, ಅದೇ ಹಸಿರು ಭೇದಿ. ನಾನು ಯಾರಿಗೂ ಉಸಿರೆತ್ತದೆ ಅದನ್ನು ತರಕಾರಿ ಚೀಲದಲ್ಲಿಟ್ಟು, ಮೇಲೆ ಸೊಪ್ಪು ಮುಚ್ಚಿಕೊಂಡು ಹೊಸೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸೊಪ್ಪು ಕೊಕ್ ಕೊಕ್ ಎನ್ನುತ್ತಿತ್ತು. ಪಕ್ಕದಲ್ಲಿ ಕೂತವರು ದೊಡ್ಡ ಮನಸ್ಸು ಮಾಡಿ ಕಿಟಕಿಯಾಚೆ ನೋಡಿದರು.

ಡಾಕ್ಟರಮ್ಮ ತಮಿಳಿನವರು, ನನಗಾಗಿ ಕನ್ನಡ ಕೂಡಿಸಿಕೊಂಡು ಮಾತಾಡಿದರು. ಒಂದು ಹನಿ ರಕ್ತ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಸಣ್ಣ ಎಳೆಗಳು ತಿರುಚಿಕೊಂಡು ತಿರುಚಿಕೊಂಡು ಓಡಾಡುತ್ತಿದ್ದವು. ಸ್ಪೈರೋಕೀಟ್ ಎಂಬ ಬ್ಯಾಕ್ಟೀರಿಯವಂತೆ, ಕೋಳಿಗಳಿಗೆ ಹತ್ತುವ ಒಂದು ಜಾತಿಯ ಉಣ್ಣೆ ಕಚ್ಚಿದರೆ ಬರುವುದಂತೆ. ಆ ಉಣ್ಣೆ ಹಗಲೆಲ್ಲ ಸಂದಿಗೊಂದಿಯಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಬಂದು ರಕ್ತ ಹೀರಿ ಮತ್ತೆ ಸಂದಿ ಸೇರುತ್ತದೆ. ಕೋಳಿಯ ಮೈಮೇಲೆ ಹುಡುಕಿದರೆ ಸಿಗುವುದು ಕಷ್ಟ. ತಿಂಗಳುಗಟ್ಟಲೆ ಉಪವಾಸವಿದ್ದರೂ ಸಾಯುವುದಿಲ್ಲ.

"ಹಕ್ಕಿಜ್ವರ ಅಲ್ಲವಾ?" ಅಂದೆ.

"ಇಲ್ಲಮ್ಮ. ಪೆನ್ಸಿಲಿನ್ ಹಾಕಿದ್ರೆ ಎದ್ದುಬಿಡುತ್ತೆ. ಇದು ಎಲ್ಲಿ ಮಲಗುತ್ತೆ, ಮೊದಲು ಅದನ್ನ ನೋಡಿ."

ಮನೆಗೆ ಬಂದು, ಮೊಟ್ಟೆಗಳನ್ನು ತೆಗೆದಿಟ್ಟು, ಬುಟ್ಟಿಯನ್ನು ಸಿಮೆಂಟು ನೆಲಕ್ಕೆ ಕುಟ್ಟಿದೆ. ಹೆಣಿಗೆಯ ಸಂದಿನಿಂದ ಉದುರಿದವು ನೋಡಿ, ಹುಣಸೆಬೀಜದ ಸಿಪ್ಪೆಯಂಥ ಚಪ್ಪಟೆ ಉಣ್ಣೆಗಳು. ಅಲ್ಲೇ ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟೆ. ಕೋಳಿಗಳ ಕತ್ತು ಮುರಿಯುವಾಗ ಒಳಗೆ ಸರಿದಿದ್ದವರೆಲ್ಲ ಈಗ ಹೊರಗೆ ಬಂದರು, ಲಕ್ಷ್ಮಿಯನ್ನು ಸುಟ್ಟೆನೆಂದು ನನ್ನ ಮೇಲೆ ಬೀಳಲು. ಉದುರಿದ್ದನ್ನು ತೋರಿಸಿದೆ. ಕೃಷ್ಣಪ್ಪನವರು ಬಗ್ಗಿಯೂ ನೋಡಲಿಲ್ಲ. ಹುಷಾರಾಗಿರುವುದು ತಪ್ಪೇನಮ್ಮ ಎಂದು ಒಳಗೆ ಹೋದರು.

ನನ್ನ ಹೇಂಟೆ ಎದ್ದಿತು. ಗೌರಮ್ಮನ ಕಣ್ಣೆದುರೇ, ಅವಳ ಕೋಳಿಗಳನ್ನು ಹೂತ ಮಣ್ಣನ್ನೇ ಕೆದಕುತ್ತಾ ಓಡಾಡಿತು. ಅದನ್ನು ಓಡಿಸುತ್ತಾ ಅವಳಿಗೆ ಡಾಕ್ಟರಮ್ಮನ ಮಾತು ಹೇಳಹೊರಟೆ.

"ಹೇಳ್ಬೇಡ ಅಕ್ಕ," ಅಂದಳು. "ಬದುಕ್ತಿದ್ವು ಅಂತ ಗೊತ್ತಾಗ್ಬುಟ್ರೆ ನಾನು ಹೆಂಗಿರ್ಲಿ?"

ಆಮೇಲೆ ಅವಳು ಕೋಳಿ ಸಾಕಲಿಲ್ಲ. ಉಣ್ಣೆಯ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡಲಿ? ಅದು ತನ್ನ ಹೊಟ್ಟೆ ನೋಡಿಕೊಂಡಿತು. ಒಂದು ದಿನ, ಬರೀ ಒಂದು ದಿನ ಕೊಡಲು ಇವರ ಗಂಟೇನು ಹೋಗುತ್ತಿತ್ತು?

ಮೊನ್ನೆ ಉಣ್ಣೆ ಕಿತ್ತ ಕೈ ತೊಳೆದುಕೊಂಡು, ಬೀದಿಯ ಮೂಲೆಯಲ್ಲಿ ಕಟ್ಟಿದ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದೆ. ಹಳೇ ಸಾಲುಮನೆಯವರೆಲ್ಲ ಬಂದಿದ್ದರು. ಬಡಿಸಲು ನಾವು ಹೆಂಗಸರೇ. ಗೌರಮ್ಮನ ಕೈಯಲ್ಲಿ ಅನ್ನ, ಅವಳ ಹಿಂದೆ ನಾನು ಸಾರು ಹಿಡಿದು ಬರುತ್ತಿದ್ದೆ. ಪಂಕ್ತಿಯ ನಡುವೆ ಕೃಷ್ಣಪ್ಪನವರು, ಈಗ ರಿಟೈರಾದವರು, ಪಕ್ಕದವರಿಗೆ ಹಕ್ಕಿಜ್ವರದ ಕಥೆ ಹೇಳುತ್ತಿದ್ದರು. ತಾವಿಲ್ಲದಿದ್ದರೆ ಆ ವರ್ಷ ಇಡೀ ಸಾಲೇ ಮಲಗುತ್ತಿತ್ತಂತೆ. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೌರಮ್ಮ ಅವರ ಎಲೆಯ ಮುಂದೆ ನಿಂತಳು.

"ಒಂದು ದಿನ ಕೇಳಿದ್ದೆ, ಅಣ್ಣ."

ಕೃಷ್ಣಪ್ಪನವರು ತಲೆಯೆತ್ತಿ ನಕ್ಕರು. "ಯಾವಾಗಮ್ಮ?"

ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ.

ಗೌರಮ್ಮ ಸೌಟನ್ನು ಅನ್ನದೊಳಗೆ ಊರಿ, ಪಾತ್ರೆಯೆತ್ತಿಕೊಂಡು ಮುಂದಿನ ಎಲೆಗೆ ಹೋದಳು. ಅವರ ಎಲೆಯ ಮೇಲೆ ಉಪ್ಪು, ಕೋಸಂಬರಿ ಅಷ್ಟೇ ಇದ್ದವು. "ಅನ್ನ," ಎಂದು ಅವರು ನನ್ನ ಕಡೆ ನೋಡಿದರು. ನಾನು ಸಾರಿನ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಗೌರಮ್ಮನ ಹಿಂದೆ ನಡೆದೆ.