ಬೆಲೆ ಮುಗಿಯುವ ಮೊದಲು ಆಡಿದ ಮಾತು

ಚಿನ್ನಾಳಪಟ್ಟಿಯಲ್ಲಿ ಒಂದು ಸುಂಗಡಿ ಸೀರೆಗೆ ಅಂಗಡಿಯಾಕೆ ಎಷ್ಟು ಹೇಳಿದಳೋ ಅಷ್ಟೂ ಕೊಟ್ಟು ಬಂದೆ. ಸಾವಿರದ ಎಂಟುನೂರು. ಕಂಬಂ ಕಣಿವೆಯ ದ್ರಾಕ್ಷಿ ವ್ಯಾಪಾರಿಗಳ ನಡುವೆ ಇದನ್ನು ಹೇಳಿಕೊಂಡರೆ, ಆವತ್ತು ನಿನಗೆ ಜ್ವರ ಬಂದಿತ್ತೇ ಎಂದು ಕೇಳುತ್ತಾರೆ. ಬಂದಿರಲಿಲ್ಲ. ಕಾರಣ ಬೇರೆ. ಆ ಕಾರಣ ಈಗ ಪೋಲೆಂಡಿನಲ್ಲಿದೆ. ಅಲ್ಲಿ ಹಿಮ ಬೀಳುತ್ತಿದೆಯಂತೆ.

ಮಾರ್ತಾ ಭಾರತದ ಸಂಸ್ಕೃತಿ ಮತ್ತು ಸಮಾಜವನ್ನು ಓದಲು ಅಲ್ಲಿಂದ ಬಂದ ವಿದ್ಯಾರ್ಥಿನಿ. ತಲೆತಲಾಂತರದಿಂದ ತಮಿಳು ನೆಲದಲ್ಲಿದ್ದೂ ಮನೆಯೊಳಗೆ ಕನ್ನಡ ಆಡುವ ಒಕ್ಕಲು ಮನೆ ನೋಡಬೇಕೆಂದು ನಮ್ಮ ಮಹಡಿ ಕೋಣೆಗೆ ಬಂದಳು. ಇಷ್ಟು ದೊಡ್ಡ ದೇಶದ ಸಂಸ್ಕೃತಿ ನಮ್ಮ ಮಹಡಿಯಲ್ಲಿ ಎಷ್ಟು ಹಿಡಿದೀತು ಎಂದು ನನಗೆ ಸಂಶಯವಿತ್ತು. ಆದರೂ ನನ್ನ ಹೆಂಡತಿ ಈಶ್ವರಿಯ ಮಾತಿಗೆ ಹೊಸ ಕಮೋಡ್ ಹಾಕಿಸಿದೆ. ಹಿತ್ತಲಿನ ಹಳೆಯದೇ ಸಾಕು ಎಂದಳು ಹುಡುಗಿ. ಓದಲು ಬಂದವಳಲ್ಲವೇ!

ನಿಮ್ಮ ಹಿರಿಯರು ಘಟ್ಟ ಇಳಿದು ಇಲ್ಲಿಗೇಕೆ ಬಂದರು ಎಂದು ಅವಳು ನಮ್ಮ ಬೀದಿಯಲ್ಲೆಲ್ಲ ಕೇಳಿದಳು. ಒಂದು ಮನೆಯಲ್ಲಿ ದನಗಳಿಗೆ ಹುಲ್ಲು ಹುಡುಕಿ ಬಂದೆವೆಂದರು, ಇನ್ನೊಂದರಲ್ಲಿ ಯಾವನೋ ರಾಜ ಹೆಣ್ಣು ಕೇಳಿದ್ದಕ್ಕೆ ಓಡಿಬಂದೆವೆಂದರು. ನನ್ನ ಕೇಳಿದಾಗ, ಇಲ್ಲಿ ಭೂಮಿ ಸೋವಿಗೆ ಸಿಕ್ಕಿರಬೇಕು ಎಂದೆ. ಮೂರನ್ನೂ ಬರೆದುಕೊಂಡಳು. ಹೀಗೆ ಕೇಳುತ್ತ ಕೇಳುತ್ತ ನಮ್ಮ ಮಾತನ್ನೂ ಅಷ್ಟಿಷ್ಟು ಕಲಿತಳು.

ನಾನು ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ಬಂದದ್ದು ಬೆಂಗಳೂರಿನ ಮಾರುಕಟ್ಟೆಯಲ್ಲಿ, ದ್ರಾಕ್ಷಿ ಲಾರಿ ಖಾಲಿಯಾಗುವವರೆಗೆ ಅಂಗಡಿಗಳ ಬೋರ್ಡು ಓದುತ್ತ ಕೂತು. ಮಾತು ಮಾತ್ರ ಅವ್ವನಿಂದ ಬಂದದ್ದು. ನನ್ನ ಮಗನಿಗೆ ಅದು ಅರ್ಧ ಬಂತು. ಮೊಮ್ಮಗಳು ಯಾಳಿನಿಗೆ ಎಲ್ಲವೂ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಉಂಡ್ಯಾ ಮಗಾ?" ಎಂದು ನಾನು ಕೇಳಿದರೆ "ಸಾಪ್ಟೇನ್ ತಾತಾ" ಎಂದು ತಮಿಳಿನಲ್ಲೇ ಉತ್ತರಿಸುತ್ತಾಳೆ. ಅವಳ ಬಾಯಿಂದ ನಮ್ಮ ಮಾತಿನ ಒಂದು ಇಡೀ ವಾಕ್ಯ ಕೇಳಬೇಕೆಂಬುದು ನನ್ನ ಆಸೆ. ಐಸ್‌ಕ್ರೀಮಿನಿಂದ ಸೈಕಲ್ಲಿನವರೆಗೆ ಆಮಿಷ ಏರಿಸಿ ನೋಡಿದೆ. ಇಡೀ ತೋಟದ ಬೆಳೆಯನ್ನು ಮಾತಿನಲ್ಲೇ ಕೊಳ್ಳುವ ನಾನು ಹನ್ನೊಂದು ವರ್ಷದ ಹುಡುಗಿಯಿಂದ ಒಂದು ವಾಕ್ಯ ಕೊಳ್ಳಲಾರದೆ ಹೋದೆ.

ಇಲ್ಲಿ ನಮ್ಮವರ ಒಂದು ಕಟ್ಟಳೆ ಹೇಳಬೇಕು. ಸಂತೆಯಲ್ಲಿ ಚೌಕಾಸಿ ತಮಿಳಿನಲ್ಲೇ ಆಗಬೇಕು. ಎದುರಿನವರು ಕನ್ನಡದವರೆಂದು ಗೊತ್ತಾದರೂ ಬೆಲೆ ಮುಗಿಯುವವರೆಗೆ ಬಾಯಿ ಬಿಡಬಾರದು. ಜಾತಿ ಯಾವುದೇ ಇರಲಿ, ಮನೆಮಾತು ಹೊರಬಿತ್ತೆಂದರೆ ಇಬ್ಬರೂ ನೆಂಟರು. ಆಮೇಲೆ ಮಾರುವವರು ಹೇಳಿದ್ದೇ ಮನೆ ಬೆಲೆ, ಅದನ್ನು ಇಳಿಸುವುದು ನಾಚಿಕೆಗೇಡು. ನೆಂಟಸ್ತನ ಒಳ್ಳೆಯದೇ. ಆದರೆ ಹಣ ಎಣಿಸಿಕೊಟ್ಟ ಮೇಲೆ ಇನ್ನೂ ಒಳ್ಳೆಯದು.

ಊರಿಗೆ ಹೊರಡುವ ಮುಂಚೆ ಮಾರ್ತಾಳಿಗೊಂದು ಸೀರೆ ಕೊಡಿಸಬೇಕೆಂದು ಈಶ್ವರಿ ಹಟ ಹಿಡಿದಳು. ಮಾರ್ತಾಳನ್ನೂ ಯಾಳಿನಿಯನ್ನೂ ಕರೆದುಕೊಂಡು ಬತ್ತಲಗುಂಡಿನಲ್ಲಿ ಬಸ್ಸು ಬದಲಿಸಿ ಚಿನ್ನಾಳಪಟ್ಟಿಗೆ ಹೋದೆ. ಸಾವಿರದ ಎಂಟುನೂರು ಎಂದ ಅಂಗಡಿಯಾಕೆಯನ್ನು ಸಾವಿರದ ನಾನೂರಕ್ಕೆ ಇಳಿಸಿದ್ದೆ. ಚಪ್ಪಲಿ ಮೆಟ್ಟಿಕೊಂಡು ಹೊರಟವನಂತೆ ಮಾಡುವ ಆಟವೂ ಆಗಿತ್ತು. ಅಷ್ಟರಲ್ಲಿ ಆಕೆ ಒಳಮನೆಯ ಕಡೆ ತಿರುಗಿ, "ಹಾಲ್ ಉಕ್ತೈತೆ, ನೋಡೇ!" ಎಂದು ಕೂಗಿದಳು. ನಾನು ಕೇಳಿಸದವನಂತೆ ಸೀರೆಯ ಅಂಚು ನೋಡುತ್ತಿದ್ದೆ. ಮಾರ್ತಾ ಹಿಗ್ಗಿ ಎದ್ದೇ ನಿಂತಳು.

"ಅಕ್ಕಾ, ನಿಮ್ದೂ ನಮ್ ಮಾತಾ?"

ಪಕ್ಕದಿಂದ ಒಂದು ಕಿರುಚಲು. "ಮಾರ್ತಕ್ಕಾ, ಬಾಯ್ ಮುಚ್ಕಾ! ತಾತ ಇನ್ನೂ ಬೆಲೆ ಮುಗಿಸ್ಲಿಲ್ಲ! ಈಗ ಆಡಿದ್ರ ಇಳ್ಸಕ್ ಆಗಲ್ಲ!"

ಯಾಳಿನಿ! ಒಂದಲ್ಲ, ಮೂರು ವಾಕ್ಯ. ಅದೂ ನಮ್ಮ ಅವ್ವನ ರಾಗದಲ್ಲೇ. ನನ್ನ ಕೈಯಲ್ಲಿದ್ದ ಸೀರೆ ಜಾರಿತು.

ಅಂಗಡಿಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನನ್ ತಾಯಿ, ಗುಟ್ಟೆಲ್ಲಾ ನೀನೇ ಒದರ್‌ಬಿಟ್ಟ್ಯಲ್ಲ! ಏನಣ್ಣಾ, ನಮ್ಮೋರಾಗಿ ಇಷ್ಟೊತ್ತೂ ತಮಿಳ್ನಾಗ ನನ್ ಪ್ರಾಣ ತಿಂದ್ರಾ?"

"ನೀವು ಮಾತ್ರ ಯಾವುದ್ರಾಗ ತಿಂದ್ರಿ, ತಂಗೀ?"

"ಇರ್ಲಿ ಬಿಡಿ. ಈಗ ಕೇಳಿ ಮನೆ ಬೆಲೆ: ಸಾವಿರದ ಎಂಟುನೂರು!"

ಅಷ್ಟೂ ಎಣಿಸಿ ಕೊಟ್ಟೆ. ಎರಡು ಸಾವಿರ ಎಂದಿದ್ದರೂ ಕೊಡುತ್ತಿದ್ದೆ. ಇದನ್ನು ಆಕೆಗೆ ಯಾರೂ ತಿಳಿಸಬೇಡಿ. ಉಕ್ಕಿ ಉಳಿದ ಹಾಲಿನಲ್ಲಿ ಕಾಫಿಯೂ ಬಂತು.

ವಾಪಸು ಬಸ್ಸಿನಲ್ಲಿ, ತಪ್ಪು ಯಾರದೆಂದು ಹುಡುಗಿಯರಿಬ್ಬರಿಗೂ ಜಗಳ. ಮಾರ್ತಾ ತನ್ನ ಮುರುಕು ಮಾತಿನಲ್ಲಿ ವಾದ ಹೂಡುವುದು, ಯಾಳಿನಿ ನಗುತ್ತ ಅವಳನ್ನು ತಿದ್ದುವುದು, ಎಲ್ಲವೂ ನಮ್ಮ ಮಾತಿನಲ್ಲೇ. ನಾನು ತಿರುಗಿ ನೋಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು, ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ತೇನಿಯವರೆಗೆ ಕೂತೆ. ಆ ದಾರಿ ಇನ್ನೂ ಉದ್ದವಾಗಿರಬೇಕಿತ್ತು.

ಮಾರ್ತಾ ಹೋದಳು. ಯಾಳಿನಿ ನಮ್ಮೊಡನೆ ಮತ್ತೆ ತಮಿಳಿಗೆ ಮರಳಿದಳು. ಮೊದಮೊದಲು ಪ್ರತಿ ಭಾನುವಾರ ಮಾರ್ತಾಳ ಫೋನು ಬರುತ್ತಿತ್ತು. ಇವಳು ಅವಳನ್ನು ತಿದ್ದುವುದನ್ನು ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಈಗ ಅವಳಿಗೆ ಅಲ್ಲಿ ಪರೀಕ್ಷೆ. ಮಾತು ಮರೆಯುತ್ತಿದೆ, ಫೋನೂ ಅಪರೂಪ. ಭಾನುವಾರ ಸಂಜೆ ಈಶ್ವರಿ ಸುಮ್ಮನೆ ಫೋನು ಒರೆಸಿ ಮೇಜಿನ ಮೇಲಿಡುತ್ತಾಳೆ.

ನಿಮ್ಮ ಮನೆಯಲ್ಲೂ ಹೀಗೊಂದು ಬಾಯಿ ಬಿಡದ ಮಗು ಇದ್ದರೆ, ನನ್ನಿಂದ ಬುದ್ಧಿ ಕೇಳಿ. ಇದಕ್ಕೆ ಬೆಲೆ ಹಾಕುವುದಿಲ್ಲ. ಮಗುವಿಗೆ ಕಲಿಸಲು ಹೋಗಬೇಡಿ, ಆಮಿಷ ಒಡ್ಡಬೇಡಿ. ಮಗುವಿಗಿಂತ ಕಡಿಮೆ ಬಲ್ಲವರೊಬ್ಬರನ್ನು ಮನೆಗೆ ತನ್ನಿ. ನಾವು ನಕ್ಕೇವೆಂದು ಮುಚ್ಚಿದ ಬಾಯಿ, ತಾನು ನಗುವಂಥವರು ಸಿಕ್ಕಾಗ ತೆರೆಯುತ್ತದೆ. ಅಂಥವರು ಸಿಗದಿದ್ದರೆ ನೀವೇ ದಡ್ಡರಾಗಿ. ನಿನ್ನೆ ಊಟಕ್ಕೆ ಕೂತಾಗ ನಾನು ಬೇಕೆಂದೇ "ಒಂದ್ ಲೋಟ ಉಪ್ಪು ಕೊಡೇ, ಕುಡೀಬೇಕು" ಎಂದೆ. ಯಾಳಿನಿ ತಲೆ ಎತ್ತಿದಳು. ತುಟಿ ಅಲುಗಿತು. ಮತ್ತೆ ತಟ್ಟೆಯ ಕಡೆ ತಿರುಗಿದಳು. ಗಿರಾಕಿ ಒಮ್ಮೆ ನಿಂತು ನೋಡಿದರೆ ಅವಸರಪಟ್ಟು ಕೂಗಬೇಡಿ. ಸರಕಿನ ಮೇಲೆ ಬಟ್ಟೆ ಮುಚ್ಚದೆ ಕೂತಿರಿ, ಸಾಕು.